ಬೇವಿನ ಮರದಿಂದ ಮೂವತ್ತೊಂದು ಹೆಜ್ಜೆ

ರಾಜಕಾರಣಿಗಳನ್ನು ನಾನು ಅಡಿ ಲೆಕ್ಕದಲ್ಲಿ ಬಲ್ಲೆ. ಎಂಎಲ್‌ಎ ಅಂದರೆ ಇಪ್ಪತ್ತಕ್ಕೆ ಹತ್ತು. ಮಂತ್ರಿ ಅಂದರೆ ನಲವತ್ತಕ್ಕೆ ಇಪ್ಪತ್ತು. ಅವರ ಹಿಂದೆ ಓಡಾಡುವ ಮರಿಗಳು ನಾಲ್ಕಕ್ಕೆ ಆರು. ಅವರನ್ನು ಕರೆಂಟು ಕಂಬಕ್ಕೆ ತಂತಿಯಲ್ಲಿ ಬಿಗಿದರೆ ಸಾಕು. ಗಾಳಿ ಬೀಸಿದರೆ ಎಲ್ಲರೂ ಹರಿಯುತ್ತಾರೆ. ದೊಡ್ಡವರು ಮೊದಲು ಹರಿಯುತ್ತಾರೆ.

ನನ್ನ ಹೆಸರು ಹುಲುಗೇಶ. ಕೂಡ್ಲಿಗಿಯ ಪ್ರವೀಣಕುಮಾರನ ಫ್ಲೆಕ್ಸ್ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದೇನೆ. ಅಂಗಡಿಯ ಒಳಗೆ ಕಂಪ್ಯೂಟರು, ಪ್ರಿಂಟಿಂಗ್ ಮಿಷನ್ನು, ತಣ್ಣನೆ ಗಾಳಿ. ನಾನಿರುವುದು ಹೊರಗೆ, ತಗಡಿನ ಶೀಟಿನ ಕೆಳಗೆ. ಮರದ ಪಟ್ಟಿ ಕೊಯ್ದು ಚೌಕಟ್ಟು ಹೊಡೆಯುತ್ತೇನೆ. ಅದರ ಮೇಲೆ ಫ್ಲೆಕ್ಸ್ ಎಳೆದು ಬಿಗಿಯುತ್ತೇನೆ. ಲಗೇಜ್ ಆಟೋದಲ್ಲಿ ಹೇರಿಕೊಂಡು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಸುತ್ತಿ, ಸರ್ಕಲ್ಲಿಗೊಬ್ಬ ನಾಯಕನನ್ನು ನಿಲ್ಲಿಸಿ ಬರುತ್ತೇನೆ. ಕಂಬ ನೆಡಲು ಗುಂಡಿ ತೋಡುವುದು ನನ್ನ ಹೆಂಡತಿ ಎರ್ರೆಮ್ಮ. ಹಾರೆ ಅವಳದು, ಸುತ್ತಿಗೆ ನನ್ನದು. ನನ್ನ ಎಡಗೈಯ ಎರಡು ಉಗುರು ಹೋದವು ಮತ್ತೆ ಬಂದಿಲ್ಲ. ಅವಳ ಅಂಗೈ ಮುಟ್ಟಿದರೆ ಹಳೆಯ ಚಪ್ಪಲಿಯ ಅಟ್ಟೆ ಮುಟ್ಟಿದ ಹಾಗಿರುತ್ತದೆ.

ನಾವು ಮಾದಿಗರು. ನಾಯಕರ ಮುಖದ ಮೇಲೆ ಬರಿಗಾಲಲ್ಲಿ ನಿಂತು ಅವರ ಹಣೆಗೆ ಮೊಳೆ ಹೊಡೆಯುವವನು ನಾನು. ಅದೇ ನಾಯಕರ ಮನೆಗೆ ಬಿಲ್ಲು ಕೊಡಲು ಹೋದರೆ ಗೇಟಿನ ಹೊರಗೆ ನಿಲ್ಲಬೇಕು. ಅಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ, ನನಗೆ ಕಾಗದದ ಕಪ್ಪು. ಕುಡಿದು ಬಿಸಾಡುವ ಕಪ್ಪು ಬಂದ ಮೇಲೆ ಮಡಿ ಮೈಲಿಗೆ ಮಾಡುವವರ ಕೆಲಸ ಬಹಳ ಹಗುರಾಗಿದೆ. ಕೇಳಿದರೆ ಸ್ವಚ್ಛತೆ ಅನ್ನುತ್ತಾರೆ.

ಈ ಸಲ ನಮ್ಮ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಲೆಕ್ಕಕ್ಕೆ ಬರುವವರು ಇಬ್ಬರೇ ನಿಂತಿದ್ದರು. ಒಬ್ಬನಿಗೆ ದೊಡ್ಡ ಮೀಸೆ, ಇನ್ನೊಬ್ಬನಿಗೆ ಚಿನ್ನದ ಬಣ್ಣದ ಕನ್ನಡಕ. ಎರ್ರೆಮ್ಮನಿಗೆ ಓದು ಬರುವುದಿಲ್ಲ. ಅವಳು ಅವರನ್ನು ಮೀಸೆ, ಕನ್ನಡಕ ಎಂದೇ ಗುರುತಿಟ್ಟುಕೊಂಡಳು. ನನಗೂ ಅದೇ ರೂಢಿಯಾಯಿತು. ಅವರಿಗೆ ಅದಕ್ಕಿಂತ ದೊಡ್ಡ ಹೆಸರು ದಂಡ. ಮೀಸೆ ಎದ್ದು ನಿಂತು ಕನ್ನಡಕವನ್ನು ದೇಶದ್ರೋಹಿ ಅಂದ. ಕನ್ನಡಕ ಎದ್ದು ನಿಂತು ಮೀಸೆಯನ್ನು ಕಳ್ಳ ಅಂದ. ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಹೇಳಿದ್ದು ನಿಜವಿದ್ದೀತು.

ಆದರೆ ಇಬ್ಬರ ಫ್ಲೆಕ್ಸಿನ ಚಿತ್ರವೂ ದುಡ್ಡೂ ನಮ್ಮ ಅಂಗಡಿಗೆ ಒಂದೇ ಕಡೆಯಿಂದ ಬರುತ್ತಿದ್ದವು. ಕಳಿಸುತ್ತಿದ್ದವಳು ಪ್ರವೀಣಕುಮಾರನ ತಂಗಿ ಅಮೃತಾ. ಅವಳು ಓದಿ ಒಂದು ಪರದೇಶದ ಕಂಪನಿ ಸೇರಿದ್ದಳು. ದೊಡ್ಡ ದೊಡ್ಡ ಫ್ಯಾನ್ ನೆಟ್ಟು ಗಾಳಿಯಿಂದ ಕರೆಂಟು ತೆಗೆಯುವ ಕಂಪನಿ. ಕೊಟ್ಟೂರು ರಸ್ತೆಯಲ್ಲಿ ಅವರ ಆಫೀಸು. ಆ ದೇಶದ ರಾಯಭಾರಿ ಬೆಂಗಳೂರಿಗೆ ಬಂದು ಮಂತ್ರಿಯ ಕೈ ಕುಲುಕಿ ಹೋದ ಮೂರೇ ವಾರಕ್ಕೆ, ಖರಾಬು ಜಮೀನನ್ನು ಕಂಪನಿಗಳಿಗೆ ಕೊಡಬಹುದು ಎಂದು ಕಾಯ್ದೆ ಬದಲಾಗಿತ್ತು. ಮೆಣಸಿನಕಾಯಿ ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನಲ್ಲಿ ಅದನ್ನು ನಾನು ಓದಿದ್ದೆ. ಓದಿ, ಕೈ ಒರೆಸಿ ಬಿಸಾಡಿದ್ದೆ.

ಫ್ಲೆಕ್ಸ್ ರೋಲು ಹತ್ತಡಿ ಅಗಲ. ದಂಡವಾಗಬಾರದೆಂದು ಐದೈದು ಅಡಿಯ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಪ್ರಿಂಟು ಹೊಡೆಯುತ್ತಾರೆ. ಮೀಸೆ ಮತ್ತು ಕನ್ನಡಕ ಒಂದೇ ಹಾಳೆಯಲ್ಲಿ ಭುಜಕ್ಕೆ ಭುಜ ತಾಗಿಸಿ, ಕೈಮುಗಿದುಕೊಂಡು ಮಿಷನ್ನಿನಿಂದ ಹೊರಗೆ ಬಂದರು. ನಡುವೆ ಬ್ಲೇಡ್ ಎಳೆದು ಅವರನ್ನು ಬೇರೆ ಮಾಡಿದವನು ನಾನು. ಬೆಳಗಿನಿಂದ ಸಂಜೆಯವರೆಗೆ ಮಂಡಿಯೂರಿ ಎಳೆದೆ. ಎಡಕ್ಕೆ ಬಿದ್ದದ್ದು ಒಂದು ಪಕ್ಷ, ಬಲಕ್ಕೆ ಬಿದ್ದದ್ದು ಇನ್ನೊಂದು ಪಕ್ಷ. ಹೀಗೆ ಜನರಿಗೆ ಆರಿಸಿಕೊಳ್ಳಲು ಇಬ್ಬರು ಸಿಕ್ಕರು.

ಮತದಾನಕ್ಕೆ ಇನ್ನೂ ನಾಲ್ಕು ದಿನವಿತ್ತು. ಅಮೃತಾ ಕಳಿಸಿದ ಇನ್ನೊಂದು ಫ್ಲೆಕ್ಸ್ ಅಚ್ಚಾಗಿ ಬಂತು. ಶಂಕುಸ್ಥಾಪನೆ ಸಮಾರಂಭದ್ದು. ದಿನಾಂಕ ಹಾಕಿತ್ತು. ನಡುವೆ ಮಂತ್ರಿ, ಎಡಕ್ಕೆ ಆ ದೇಶದ ರಾಯಭಾರಿ ಮತ್ತು ಕಂಪನಿಯ ಯಜಮಾನ, ಬಲಕ್ಕೆ ನೂತನ ಶಾಸಕರು. ಎರಡು ನಮೂನೆ ಇದ್ದವು. ಒಂದರಲ್ಲಿ ನೂತನ ಶಾಸಕ ಮೀಸೆ, ಇನ್ನೊಂದರಲ್ಲಿ ನೂತನ ಶಾಸಕ ಕನ್ನಡಕ. ಉಳಿದದ್ದೆಲ್ಲ ಒಂದೇ. ನಮ್ಮ ಓಟಿಗೆ ಅಷ್ಟೇ ಕೆಲಸ ಉಳಿಸಿದ್ದರು, ಬಲಗಡೆಯ ಮೂಲೆಯ ಮುಖ.

ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಥಳ ಬರೆದಿತ್ತು. ಹಿರೇಕರಡಿಹಳ್ಳಿ ಗ್ರಾಮದ ನಿರುಪಯುಕ್ತ ಸರ್ಕಾರಿ ಜಮೀನು. ಹಿರೇಕರಡಿಹಳ್ಳಿ ನನ್ನೂರು. ನಮ್ಮ ಕೇರಿಯ ಸುಡುಗಾಡಿಗೆ ಪಹಣಿಯಲ್ಲಿರುವ ಹೆಸರು ಸರ್ಕಾರಿ ಖರಾಬು. ನನ್ನ ಬ್ಲೇಡ್ ನಿಂತಿತು.

ನಮ್ಮ ಸುಡುಗಾಡಿನ ವಿಷಯ ಇಲ್ಲಿ ಹೇಳಬೇಕು. ಅಲ್ಲಿ ಒಂದೂ ಗೋರಿ ಇಲ್ಲ, ಕಟ್ಟೆ ಇಲ್ಲ, ಹೆಸರು ಕೊರೆದ ಕಲ್ಲಿಲ್ಲ. ನನ್ನ ಅಜ್ಜನ ಕಾಲದಲ್ಲಿ ಯಾರೋ ಒಬ್ಬ ತನ್ನ ತಂದೆಗೆ ಗೇಣುದ್ದದ ಕಟ್ಟೆ ಕಟ್ಟಿದ್ದನಂತೆ. ಸತ್ತ ಮಾದಿಗನಿಗೂ ಕಟ್ಟೆ ಬೇಕಾಯಿತೇ ಎಂದು ಊರವರು ಹಾರೆ ತಂದು ಕಿತ್ತರಂತೆ. ಅವತ್ತಿನಿಂದ ನಮ್ಮವರು ಕಲ್ಲು ನೆಡುವುದನ್ನು ಬಿಟ್ಟು ಹೆಜ್ಜೆ ಎಣಿಸತೊಡಗಿದರು. ನಡುವೆ ಒಂದು ಹಳೆಯ ಬೇವಿನ ಮರ. ಅದರ ಬುಡದಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಎಂಬುದನ್ನು ಪ್ರತಿ ಮನೆಯವರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ನಮ್ಮವ್ವ ಹಂಪಮ್ಮ ಮೂಡಣಕ್ಕೆ ಮೂವತ್ತೊಂದು ಹೆಜ್ಜೆ. ನಮ್ಮಪ್ಪ ಮೂವತ್ತಮೂರು. ನನ್ನ ಮಗಳು ಸುಂಕಮ್ಮ ಇಪ್ಪತ್ತೊಂಬತ್ತು. ಅವಳು ಡೆಂಗಿ ಜ್ವರದಲ್ಲಿ ಹೋದಳು. ಹಿರಿಯರ ಅಮಾವಾಸ್ಯೆಗೆ ಕೇರಿಯವರೆಲ್ಲ ಹೋಗಿ ಹೆಜ್ಜೆ ಎಣಿಸಿ, ಅವರವರ ಜಾಗದಲ್ಲಿ ಎಡೆ ಇಟ್ಟು ಬರುತ್ತೇವೆ. ಮಾರನೆಯ ದಿನ ನೋಡಿದರೆ ಬರೀ ಬಯಲು. ಕಂಪನಿಯವರು ಜಾಗ ಹುಡುಕಲು ಹಾರಿಸಿದ ಡ್ರೋನು ಮೇಲಿನಿಂದ ನೋಡಿದ್ದು ಆ ಬಯಲನ್ನು.

ಇದು ನಮ್ಮ ಸುಡುಗಾಡಲ್ಲವೇ ಎಂದು ಪ್ರವೀಣಕುಮಾರನನ್ನು ಕೇಳಿದೆ. ನನಗಿಂತ ಹನ್ನೆರಡು ವರ್ಷ ಸಣ್ಣವನು ಅವನು. ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಗುಡ್ಡದ ಕಡಿ ಇರಬೇಕು. ನಿನಗ್ಯಾಕಲೇ ಊರ ಉಸಾಬರಿ, ಹುಲುಗ್ಯಾ. ಇದು ಹೊರಗ ಹೋತು ಅಂದ್ರ ನಾಳಿ ನಿನ್ನ ಜಾಗದಾಗ ಬ್ಯಾರೆವ ಇರ್ತಾನ, ನೋಡು.”

ನಾನು ಬಾಯಿ ಮುಚ್ಚಿಕೊಂಡೆ. ಗುಡ್ಡದ ಕಡೆಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವನಿಗೆ ಯಾವ ಸುಳ್ಳಾದರೂ ನಂಬಲು ಸಾಕಾಗುತ್ತದೆ. ಎರ್ರೆಮ್ಮನಿಗೂ ಹೇಳಲಿಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಕೇರಿ ಆಗಲೇ ಎರಡಾಗಿತ್ತು. ಮೀಸೆ ಬಂದು ಸುಡುಗಾಡಿಗೆ ಕಾಂಪೌಂಡ್ ಕಟ್ಟಿಸುತ್ತೇನೆ ಎಂದು ಎಲೆ ಅಡಿಕೆ ಮುಟ್ಟಿ ಆಣೆ ಮಾಡಿದ್ದ. ಮರುದಿನ ಕನ್ನಡಕ ಬಂದು ಕಾಂಪೌಂಡಿನ ಜೊತೆ ಬೋರೂ ಹಾಕಿಸುತ್ತೇನೆ ಅಂದಿದ್ದ. ನನ್ನ ತಮ್ಮ ಓಬಳೇಶ ಮೀಸೆಯ ಕಡೆ. ಪಕ್ಕದ ಮನೆಯ ಗಾಳೆಪ್ಪ ಕನ್ನಡಕದ ಕಡೆ. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಮತದಾನದ ದಿನ ಮಾತಿಗೆ ಮಾತು ಬೆಳೆದು ಗಾಳೆಪ್ಪ ಫ್ಲೆಕ್ಸಿನ ಮರದ ಪಟ್ಟಿ ಕಿತ್ತು ಓಬಳೇಶನ ತಲೆಗೆ ಹೊಡೆದ. ಏಳು ಹೊಲಿಗೆ ಬಿದ್ದವು. ನಾನು ಬ್ಲೇಡಿನಿಂದ ಕೊಯ್ದು ಬೇರೆ ಮಾಡಿದ ಎರಡು ಮುಖಗಳಿಗಾಗಿ ನನ್ನ ತಮ್ಮನ ತಲೆ ಒಡೆಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೀಸೆ ಗೆದ್ದ. ಕನ್ನಡಕವಿದ್ದ ನಮೂನೆಯನ್ನು ಪ್ರವೀಣಕುಮಾರ ಮಡಚಿ ಒಳಗಿಟ್ಟ, ಮುಂದೆ ಎಂದಾದರೂ ಬೇಕಾದೀತೆಂದು.

ಗೆದ್ದ ನಾಲ್ಕನೇ ದಿನ ಜೆಸಿಬಿ ಬಂದು ಬೇವಿನ ಮರವನ್ನು ಬುಡಸಮೇತ ಎತ್ತಿತು. ಕೇರಿಯ ಗಂಡಸರು ಕೂಲಿಗೆ ಹೋಗಿದ್ದರು. ಮುದುಕಿಯರು ಓಡಿಹೋಗಿ ಕೇಳಿದರೆ ಡ್ರೈವರು ಸರ್ವೆ ಗೆರೆಗೆ ಅಡ್ಡ ಬರುತ್ತಿತ್ತು ಅಂದ. ಗುಂಡಿ ಮುಚ್ಚಿ, ಮೇಲೆ ಕೆಂಪು ಮೊರಂ ಮಣ್ಣು ಎಳೆದು, ರೋಲರ್ ಹೊಡೆದು ಸಮ ಮಾಡಿ ಹೋದ. ಶಾಸಕರನ್ನು ಕೇಳೋಣ ಎಂದು ಓಬಳೇಶ ಎರಡು ದಿನ ಅವರ ಮನೆ ಗೇಟಿನ ಮುಂದೆ ನಿಂತ. ಶಾಸಕರು ಪರದೇಶಕ್ಕೆ ಹೋಗಿದ್ದರು. ಯಾವ ದೇಶ ಎಂದು ಬೇರೆ ಹೇಳಬೇಕಿಲ್ಲ.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೇ ಪ್ರವೀಣಕುಮಾರ ನನ್ನನ್ನೂ ಎರ್ರೆಮ್ಮನನ್ನೂ ಲಗೇಜ್ ಆಟೋದಲ್ಲಿ ಹತ್ತಿಸಿ ನಮ್ಮೂರಿಗೇ ಕರೆತಂದ. ಸ್ವಾಗತ ಕಮಾನು ನಿಲ್ಲಿಸಬೇಕಿತ್ತು. ಎಂಟು ಗುಂಡಿ, ಒಂದೊಂದೂ ಮೂರಡಿ. ಜಾಗಕ್ಕೆ ಸುಣ್ಣದ ಗುರುತು ಹಾಕಿತ್ತು. ಎಲ್ಲ ಕಡೆ ಒಂದೇ ಕೆಂಪು ಮೊರಂ. ಮರವಿಲ್ಲದ ಬಯಲಿನಲ್ಲಿ ನಾನು ಹುಟ್ಟಿದೂರಲ್ಲೇ ದಿಕ್ಕು ತಪ್ಪಿದವನಂತೆ ನಿಂತೆ. ಇದು ಸುಡುಗಾಡಿನ ಹೊರಗಿನ ಮೂಲೆ ಇರಬೇಕು ಎಂದು ಎರ್ರೆಮ್ಮ ಅಂದಳು. ನಾನೂ ಹೂಂ ಅಂದೆ. ಮರ ಇದ್ದಿದ್ದರೆ ನಮ್ಮ ಕೇರಿಯ ಕೂಸು ಕೂಡ ಅಲ್ಲಿ ಹಾರೆ ಹಾಕುತ್ತಿರಲಿಲ್ಲ.

ಮೊದಲ ಗುಂಡಿಗೆ ಒಂದು ತಾಸು ಹಿಡಿಯಿತು. ನಮ್ಮ ಕಡೆ ನೆಲ ಗಟ್ಟಿ. ಹಾರೆ ಬಿದ್ದರೆ ಕಿಡಿ ಹಾರುತ್ತದೆ, ತೋಳು ಭುಜದವರೆಗೆ ಅದುರುತ್ತದೆ. ಹೆಣ ಹೂಳಲೂ ಮೂರಡಿಗಿಂತ ಆಳಕ್ಕೆ ಹೋಗಲು ಆಗುವುದಿಲ್ಲ. ಎರಡನೇ ಗುಂಡಿ ಮೆತ್ತಗಿತ್ತು. ಎರ್ರೆಮ್ಮನಿಗೆ ಖುಷಿಯಾಯಿತು. ಮೊಣಕಾಲವರೆಗೆ ಇಳಿದು ತೋಡಿದಳು. ಹಾರೆಗೆ ಏನೋ ಠಣ್ ಅಂದಿತು. ಕೈ ಹಾಕಿ ತೆಗೆದಳು. ಹಿತ್ತಾಳೆಯ ಸುಣ್ಣದ ಡಬ್ಬಿ. ಮಣ್ಣು ಒರೆಸಿದಳು. ಮುಚ್ಚಳದ ಒಂದು ಮಗ್ಗಲು ತಗ್ಗಾಗಿತ್ತು.

ಆ ಡಬ್ಬಿಯನ್ನು ನಮ್ಮವ್ವನ ಸೊಂಟದ ಸಂಚಿಯಲ್ಲಿ ಇಟ್ಟು ಹೂತವಳು ಎರ್ರೆಮ್ಮನೇ. ನಮ್ಮವ್ವ ಸಾಯುವ ಹಿಂದಿನ ದಿನವೂ ಎಲೆ ಅಡಿಕೆ ಕೇಳಿದ್ದಳು.

ಎರ್ರೆಮ್ಮ ಅಳಲಿಲ್ಲ. ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಇದ್ದ ಜಾಗದಲ್ಲೇ ಇಟ್ಟಳು. ಗುಂಡಿಯಿಂದ ಮೇಲೆ ಬಂದು, ಕೈಯಿಂದಲೇ ಮಣ್ಣು ಎಳೆದು ಮುಚ್ಚಿದಳು. ಹಾರೆಯನ್ನು ನೆಲಕ್ಕೆ ಮಲಗಿಸಿ ಅದರ ಪಕ್ಕ ಕೂತಳು.

ಅಷ್ಟರಲ್ಲಿ ಕಾರು ಬಂತು. ಅಮೃತಾ ಇಳಿದಳು. ಅವಳ ಜೊತೆ ಕಂಪನಿಯ ಪರದೇಶದ ಅಧಿಕಾರಿ ಒಬ್ಬ ಇಳಿದ. ತಲೆಗೆ ಹಳದಿ ಟೊಪ್ಪಿಗೆ. ಬಯಲಿನಲ್ಲಿ ತಲೆಯ ಮೇಲೆ ಬೀಳುವಂಥದ್ದು ಏನಿದೆಯೋ ಅವನೇ ಬಲ್ಲ. ಕೆಲಸ ಯಾಕೆ ನಿಂತಿದೆ ಎಂದು ಪ್ರವೀಣಕುಮಾರ ನನ್ನ ಮೇಲೆ ಎಗರಾಡಿದ. ಇಲ್ಲಿ ನಮ್ಮವ್ವ ಸಿಕ್ಕಳು ಅಂದೆ. ಅವನು ಸುಣ್ಣದ ಗುರುತು ನೋಡಿ, ಕಾಲಿನಿಂದ ಪಕ್ಕದ ನೆಲ ತೋರಿಸಿದ.

“ಎರಡಡಿ ಆಕಡಿ ತೋಡು.”

ಎರ್ರೆಮ್ಮ ಕೂತಲ್ಲಿಂದಲೇ ಅಂದಳು, “ಆಕಡಿ ನಮ್ಮ ಮಾವ ಅದಾನ.”

“ಹಂಗಾರ ಈಕಡಿ ತೋಡು.”

“ಈಕಡಿ ನನ್ನ ಮಗಳು ಅದಾಳ.”

“ಮತ್ತ ಎಲ್ಲಿ ತೋಡ್ತಿ?”

“ತೋಡಂಗಿಲ್ಲ. ನಿಮ್ಮನಿ ಹಿತ್ತಲದಾಗ ಹೇಳ್ರಿ, ತೋಡ್ತೀನಿ.”

ಹದಿನಾಲ್ಕು ವರ್ಷದಲ್ಲಿ ಅವಳು ಸಾವ್ಕಾರನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವನ ಬಾಯಿಗೆ ನಮ್ಮ ಜಾತಿಯ ಹೆಸರು ಬಂತು. ಅದರ ಹಿಂದೆ ಇನ್ನೇನೇನೋ ಬಂತು. ಪರದೇಶದವನ ಮುಂದೆ ಬೇಡ ಎಂದು ತಂಗಿ ಅವನ ತೋಳು ಹಿಡಿದಳು. ನಾನು ಸುತ್ತಿಗೆಯನ್ನು ಸೊಂಟದಿಂದ ಬಿಚ್ಚಿ ಹಾರೆಯ ಪಕ್ಕ ಇಟ್ಟೆ.

ಸುದ್ದಿ ಕೇರಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಎಲ್ಲರೂ ಬಂದರು. ಓಬಳೇಶ ತಲೆಯ ಪಟ್ಟಿಯ ಸಮೇತ ಬಂದ. ಗಾಳೆಪ್ಪನೂ ಬಂದು ಸ್ವಲ್ಪ ದೂರ ನಿಂತ. ಓಬಳೇಶ ಮೀಸೆಗೆ ಫೋನು ಹಚ್ಚಿದ. ಗಾಳೆಪ್ಪ ಕನ್ನಡಕಕ್ಕೆ ಹಚ್ಚಿದ. ಗೆದ್ದವನು ತನ್ನ ಪಿಎ ಕೈಯಲ್ಲಿ ಹೇಳಿಸಿದ, ಸೋತವನು ತಾನೇ ಹೇಳಿದ. ಇದು ದೇಶದ ಪ್ರಶ್ನೆ, ಅಡ್ಡ ಬರಬೇಡಿ ಎಂದು ಇಬ್ಬರದೂ ಒಂದೇ ಮಾತು. ಪರದೇಶದ ಕಂಪನಿಗೆ ನಮ್ಮವ್ವನ ಗುಂಡಿ ಕೊಡುವುದು ದೇಶದ ಪ್ರಶ್ನೆ. ನಮ್ಮವ್ವ ಯಾವ ದೇಶದವಳೋ.

ಆಗ ನಾನು ಹೇಳಿದೆ. ಒಂದೇ ಹಾಳೆ, ನಡುವೆ ಬ್ಲೇಡು, ಓಟಿಗೆ ಮೊದಲೇ ಅಚ್ಚಾದ ದಿನಾಂಕ, ಎರಡು ನಮೂನೆ, ಎಲ್ಲ ಹೇಳಿದೆ. ಓಬಳೇಶ ಪೂರ್ತಿ ಕೇಳಿಸಿಕೊಂಡು ನನ್ನ ಮುಖಕ್ಕೆ ಉಗಿದ. ನಾನು ಒರೆಸಿಕೊಳ್ಳಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಗಾಳೆಪ್ಪ ಬಂದು ಅವನ ತಲೆಯ ಪಟ್ಟಿ ಮುಟ್ಟಿ ನೋಡಿದ.

ಕೇರಿಗೆ ಹಿರಿಯಳು ಮಂಜಮ್ಮ. ವಾರಸುದಾರರಿಲ್ಲದ ಮನೆಗಳ ಹೆಜ್ಜೆಗಳನ್ನೂ ಅವಳು ತಲೆಯಲ್ಲಿ ಇಟ್ಟುಕೊಂಡವಳು. ಅವಳು ನಮ್ಮವ್ವನ ಗುಂಡಿಯ ತಲೆಯ ಕಡೆ ಹಿಮ್ಮಡಿ ಊರಿ ನಿಂತಳು. ಪಡುವಣಕ್ಕೆ ತಿರುಗಿ ಎಣಿಸುತ್ತ ನಡೆದಳು. ಮೂವತ್ತೊಂದಕ್ಕೆ ನಿಂತು ಕೋಲು ಊರಿದಳು. ಕಾಲಿನಿಂದ ಮೊರಂ ಕೆದರಿದಾಗ ಬೇವಿನ ತುಂಡು ಬೇರು ಕಾಣಿಸಿತು.

“ಗಿಡ ಇಲ್ಲಿತ್ತು,” ಅಂದಳು. “ಬರ್ರಿ, ಎಣಿಸಿಕೊಳ್ರಿ.”

ಆ ಕೋಲಿನಿಂದ ಒಂದೊಂದು ಮನೆಯವರು ಒಂದೊಂದು ದಿಕ್ಕಿಗೆ ಹೊರಟರು. ಹೆಂಗಸರು, ಮುದುಕರು, ಕಾಲೇಜಿಗೆ ಹೋಗುವ ಹುಡುಗಿಯರು, ಕೊಟ್ಟೂರು ಬ್ಯಾಂಕಿನಲ್ಲಿ ಕ್ಲರ್ಕಾಗಿರುವ ಕ್ರಾಂತಿಕುಮಾರ್ ಕೂಡ ಇಸ್ತ್ರಿ ಪ್ಯಾಂಟಿನಲ್ಲೇ. ಎಲ್ಲರ ತುಟಿಯೂ ಅಲುಗುತ್ತಿತ್ತು. ಯಾರೂ ಯಾರಿಗೂ ಅಡ್ಡ ಬರಲಿಲ್ಲ, ಜಗಳವಾಗಲಿಲ್ಲ. ಎಣಿಕೆ ಮುಗಿದಲ್ಲಿ ಅವರವರು ಕೂತರು. ಅರ್ಧ ತಾಸಿನಲ್ಲಿ ನಿರುಪಯುಕ್ತ ಜಮೀನು ತುಂಬಿಹೋಯಿತು. ಕಮಾನಿಗೆ ಜಾಗವಿರಲಿಲ್ಲ. ವೇದಿಕೆಗೂ ಇರಲಿಲ್ಲ. ನಾನು ನಮ್ಮವ್ವನ ಮೇಲೆ ಕೂತೆ. ಓಬಳೇಶ ನಮ್ಮಪ್ಪನ ಮೇಲೆ ಕೂತ. ಎರ್ರೆಮ್ಮ ಮಗಳು ಸುಂಕಿಯ ಮೇಲೆ ಕೂತಳು, ಕಾಲು ಮಡಚಿ, ಜಾಗ ಕಮ್ಮಿ ಬೇಕಲ್ಲ ಅದಕ್ಕೆ.

ಪರದೇಶದವನು ಅಮೃತಾಳ ಕಿವಿಯಲ್ಲಿ ತುಂಬ ಹೊತ್ತು ಏನೋ ಹೇಳಿದ. ಅವನ ಮುಖದಲ್ಲಿ ಸಂಕಟವಿತ್ತು. ಇಂಥ ಸಂಕಟಕ್ಕೂ ಅವರ ಕಂಪನಿಯಲ್ಲಿ ತರಬೇತಿ ಇರುತ್ತದೆ. ಅಮೃತಾ ಮಂಜಮ್ಮನ ಬಳಿ ಬಂದು, ಸತ್ತವರ ಹೆಸರೆಲ್ಲ ಕೊರೆಸಿ ಒಂದು ಕಲ್ಲಿನ ಗೋಡೆ ಕಟ್ಟಿಸಿಕೊಡುತ್ತಾರೆ, ಹೊಸ ಜಾಗದಲ್ಲಿ, ಗಾರ್ಡನ್ ಸಮೇತ ಎಂದು ಹೇಳಿದಳು. ಮಂಜಮ್ಮ ಹಳದಿ ಟೊಪ್ಪಿಗೆಯವನನ್ನು ಮೇಲಿಂದ ಕೆಳಗೆ ನೋಡಿದಳು.

“ಅವರ ದೇಶದಾಗ ಅವರವ್ವನ ಎದಿ ಮ್ಯಾಲ ಫ್ಯಾನ್ ನೆಟ್ಟಾರೇನು, ಕೇಳವ್ವ.”

ಅಮೃತಾ ಕೇಳಲಿಲ್ಲ. ಅಷ್ಟೊಂದು ಇಂಗ್ಲಿಷ್ ಓದಿದವಳಿಗೆ ಆ ಒಂದು ಮಾತನ್ನು ದಾಟಿಸಲು ಆಗಲಿಲ್ಲ. ಕಾರಿನ ಮರೆಗೆ ಹೋಗಿ ಪೊಲೀಸರಿಗೆ ಫೋನು ಮಾಡಿದಳು. ಆ ಇಂಗ್ಲಿಷ್ ಮಾತ್ರ ಸಲೀಸಾಗಿ ಬಂತು.

ಮಧ್ಯಾಹ್ನ ಪೊಲೀಸ್ ಜೀಪು ಬಂತು. ಒಬ್ಬ ಸಬ್ ಇನ್‌ಸ್ಪೆಕ್ಟರು, ಆರು ಜನ ಪೇದೆಗಳು. ಮಂತ್ರಿ ಬರುವುದರೊಳಗೆ ಜಾಗ ಖಾಲಿ ಆಗಬೇಕು ಎಂದು ಅವರಿಗೆ ಮೇಲಿನಿಂದ ಹೇಳಿಕೆಯಿತ್ತು. ಅತಿಕ್ರಮ ಪ್ರವೇಶದ ಕೇಸು ಹಾಕುತ್ತೇವೆ, ಎದ್ದವರು ಬಚಾವು ಅಂದರು. ಯಾರೂ ಏಳಲಿಲ್ಲ. ಈ ಜಾಗದಲ್ಲಿ ಯಾರ್ಯಾರು ಇದ್ದಾರೆ, ಹೆಸರು ವಯಸ್ಸು ಬರೆದುಕೊ ಎಂದು ಸಾಹೇಬರು ಹಿರಿಯ ಪೇದೆಗೆ ಹೇಳಿದರು. ಪೇದೆ ಮೊದಲು ಗಾಳೆಪ್ಪನ ಹತ್ತಿರ ಹೋದ.

“ಹೆಸರು?”

“ರಾಮಣ್ಣ.”

“ವಯಸ್ಸು?”

“ಅರವತ್ತೆರಡು.”

ಗಾಳೆಪ್ಪನಿಗೆ ಮೂವತ್ತೂ ದಾಟಿಲ್ಲ. ಪೇದೆ ಅವನನ್ನು ದಿಟ್ಟಿಸಿದ. “ನಿನ್ನ ಹೆಸರು ಕೇಳೀನಿ ಲೇ ನಾನು.”

“ಈ ಜಾಗದಾಗ ಯಾರು ಅದಾರ ಅಂತ ಕೇಳಿದ್ರಿ. ಇಲ್ಲಿ ನಮ್ಮಪ್ಪ ಅದಾನ. ನಾ ಈ ಮುಂಜಾನಿ ಬಂದೀನಿ, ಅವ ಒಂಬತ್ತು ವರ್ಷದಿಂದ ಅದಾನ.”

ಪೇದೆ ಸಾಹೇಬರ ಕಡೆ ನೋಡಿದ. ಸಾಹೇಬರು ಫೋನಿನಲ್ಲಿ ಯಾರಿಗೋ ಆಯಿತು ಸರ್, ಆಯಿತು ಸರ್ ಅನ್ನುತ್ತಿದ್ದರು. ಹೇಳಿದ್ದು ಬರೆದುಕೊಂಡು ಬೇಗ ಮುಗಿಸು ಎಂದು ಕೈಸನ್ನೆ ಮಾಡಿದರು. ಪೇದೆ ಬರೆದ. ಅಲ್ಲಿಂದ ಎಲ್ಲರೂ ಹಾಗೇ ಹೇಳಿದರು. ಮಂಜಮ್ಮ ತನ್ನ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದ್ದನ್ನು ಕೇರಿಯವರು ಕೇಳಿದ್ದು ಅವತ್ತೇ. ಓಬಳೇಶ ನಮ್ಮಪ್ಪನ ಹೆಸರು ಹೇಳಿದ. ನಾನು ಹಂಪಮ್ಮ, ಎಪ್ಪತ್ತು ಅಂದೆ. ಪಹಣಿಯಲ್ಲಿ ಇಲ್ಲದ, ನಕ್ಷೆಯಲ್ಲಿ ಇಲ್ಲದ, ಕಲ್ಲಿನ ಮೇಲೆ ಬರೆಯಲು ಬಿಡದ ನಮ್ಮವರ ಹೆಸರುಗಳು ಒಂದರ ಕೆಳಗೊಂದು ಸರ್ಕಾರದ ಕಾಗದದ ಮೇಲೆ ಬಂದವು. ನಾಲ್ಕು ಹಾಳೆ ತುಂಬಿತು.

ಕೊನೆಗೆ ಅವನು ಎರ್ರೆಮ್ಮನ ಹತ್ತಿರ ಬಂದ.

“ಹೆಸರು?”

“ಸುಂಕಮ್ಮ.”

“ವಯಸ್ಸು?”

“ಆರು.”

ಇಷ್ಟು ಬರೆದರೂ ಪೇದೆಗೆ ಬದುಕಿದ್ದವರನ್ನೇ ಹುಡುಕುವ ಅಭ್ಯಾಸ ತಪ್ಪಿರಲಿಲ್ಲ. ಅವನು ಸುತ್ತಲೂ ನೋಡಿ ಕೇಳಿದ, “ಎಲ್ಲದಾಳ ಕೂಸು?”

“ನನ್ನ ಕೆಳಗ ಅದಾಳ,” ಅಂದಳು ಎರ್ರೆಮ್ಮ. “ಎಬ್ಬಿಸ್ತೀರೇನು ನೋಡ್ರಿ.”